ಕಾಣದ ಗಾಯಕ್ಕೆ ಕಾವಲು: ನೆರವಿನ ನಾಯಿಗಳ ಚರಿತ್ರೆ

ಡಬ್ಲಿನ್ನಿನ ಉತ್ತರ ಭಾಗದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಬ್ಯೂಮಾಂಟ್ ಎಂದೊಡನೆ ನೆನಪಾಗುವುದು ಅಲ್ಲಿಯ ದೊಡ್ಡ ಆಸ್ಪತ್ರೆ. 1987ರಲ್ಲಿ ತೆರೆದ ಈ ಆಸ್ಪತ್ರೆಯ ಬೇರುಗಳು ಬಹಳ ಹಳೆಯವು. ನಗರದ ನಡುವಿನಲ್ಲಿದ್ದ ಜರ್ವಿಸ್ ಸ್ಟ್ರೀಟ್ ಮತ್ತು ರಿಚ್ಮಂಡ್ ಆಸ್ಪತ್ರೆಗಳು ಮುಚ್ಚಿದಾಗ ಅವುಗಳ ಸೇವೆಯು ಬ್ಯೂಮಾಂಟಿಗೆ ಬಂದಿತು. ಆ ಹಳೆಯ ರಿಚ್ಮಂಡಿನ ಸಮೀಪದಲ್ಲಿಯೇ, ಗ್ರೇಂಜ್‌ಗಾರ್ಮನ್ ಎಂಬಲ್ಲಿ, ಅದೇ ಹೆಸರಿನ ಮಾನಸಿಕ ಚಿಕಿತ್ಸಾಲಯವೂ ಇದ್ದಿತು. ನಮ್ಮ ಕಥೆ ಅಲ್ಲಿಂದ ಆರಂಭವಾಗುತ್ತದೆ.

ಮೊದಲನೆಯ ಮಹಾಯುದ್ಧದ ನಡುವೆ, 1916ರ ಜೂನ್ ತಿಂಗಳಲ್ಲಿ, ಈ ಚಿಕಿತ್ಸಾಲಯದ ಆವರಣದಲ್ಲಿ 32 ಹಾಸಿಗೆಗಳ ರಿಚ್ಮಂಡ್ ಯುದ್ಧ ಆಸ್ಪತ್ರೆ ತೆರೆಯಿತು. 1919ರ ಕೊನೆಯವರೆಗೆ ಅಲ್ಲಿ 362 ಸೈನಿಕರು ಚಿಕಿತ್ಸೆ ಪಡೆದರು. ಅವರ ಮೈಮೇಲೆ ಗುಂಡಿನ ಗುರುತಿರಲಿ ಇಲ್ಲದಿರಲಿ, ನೋವಿದ್ದುದು ಮನಸ್ಸಿನಲ್ಲಿ. ನಡುಕ, ದುಃಸ್ವಪ್ನ, ನಿದ್ರಾಹೀನತೆ, ಸದ್ದು ಕೇಳಿದರೆ ಬೆಚ್ಚಿಬೀಳುವುದು ಇಂಥ ಬಾಧೆಯ ಲಕ್ಷಣಗಳಾಗಿದ್ದವು. 1915ರಲ್ಲಿ ವೈದ್ಯ ಚಾರ್ಲ್ಸ್ ಮೈಯರ್ಸ್ ವೈದ್ಯಪತ್ರಿಕೆಯೊಂದರಲ್ಲಿ ಇದನ್ನು 'ಷೆಲ್ ಶಾಕ್' ಎಂಬ ಹೆಸರಿನಿಂದ ವರ್ಣಿಸಿದ್ದನು. ಆದರೂ ಅನೇಕರ ಕಣ್ಣಿಗೆ ಅದು ಹೇಡಿತನವಾಗಿಯೇ ಕಂಡಿತು. ರಣರಂಗದಿಂದ ಓಡಿಹೋದರೆಂದು, ಹೇಡಿಗಳೆಂದು ಮರಣದಂಡನೆಗೆ ಗುರಿಯಾದ 300ಕ್ಕೂ ಹೆಚ್ಚು ಸೈನಿಕರಿಗೆ ಬ್ರಿಟನ್ ಕ್ಷಮಾದಾನ ನೀಡಿದ್ದು 2006ರಲ್ಲಿ!

ಅದೇ 1916ರಲ್ಲಿ, ಅದೇ ಯುದ್ಧದ ಎದುರು ಪಾಳಯದಲ್ಲಿ, ಇನ್ನೊಂದು ಕಾರ್ಯ ಮೊದಲಾಯಿತು. ಕಣ್ಣು ಕಳೆದುಕೊಂಡ ಸೈನಿಕರಿಗೆ ದಾರಿ ತೋರಲು ನಾಯಿಗಳನ್ನು ಪಳಗಿಸುವ ಶಾಲೆಯನ್ನು ಜರ್ಮನಿಯ ಓಲ್ಡನ್‌ಬರ್ಗ್ ನಗರದಲ್ಲಿ ವೈದ್ಯ ಗೆರ್ಹಾರ್ಡ್ ಸ್ಟಾಲಿಂಗ್ ತೆರೆದನು. ಆ ವಿದ್ಯೆಯು 1929ರಲ್ಲಿ ಅಮೆರಿಕವನ್ನೂ 1931ರಲ್ಲಿ ಇಂಗ್ಲೆಂಡನ್ನೂ ತಲುಪಿತು. ಐರ್ಲೆಂಡಿನಲ್ಲಿ ಅಂಧರ ಮಾರ್ಗದರ್ಶಿ ನಾಯಿಗಳ ಸಂಸ್ಥೆಯು 1976ರಲ್ಲಿ ಕಾರ್ಕ್ ನಗರದಲ್ಲಿ ಹುಟ್ಟಿತು. 2005ರಿಂದ ಅದು ಆಟಿಸಂ ಇರುವ ಮಕ್ಕಳ ಕುಟುಂಬಗಳಿಗೂ ನಾಯಿಗಳನ್ನು ಒದಗಿಸತೊಡಗಿತು.

ಹೀಗೆ ಒಂದೇ ಯುದ್ಧದಲ್ಲಿ ನೊಂದವರ ಪೈಕಿ ಕಣ್ಣು ಕಳೆದುಕೊಂಡವನಿಗೆ ನಾಯಿಯ ಜೊತೆ ದೊರೆಯಿತು. ಮನಸ್ಸು ಮುರಿದವನು ದಶಕಗಳ ಕಾಲ ಕಾಯಬೇಕಾಯಿತು. ಹೆಸರಿಲ್ಲದ ಗಾಯಕ್ಕೆ ಮದ್ದು ಹುಡುಕುವವರು ಯಾರು? ವಿಯೆಟ್ನಾಂ ಯುದ್ಧದ ತರುವಾಯ, 1980ರಲ್ಲಿ, ಅಮೆರಿಕದ ಮನೋವೈದ್ಯರ ಸಂಘವು ಈ ಬಾಧೆಯನ್ನು ಪಿಟಿಎಸ್‌ಡಿ, ಅಂದರೆ ಆಘಾತದ ನಂತರದ ಒತ್ತಡದ ಕಾಯಿಲೆ, ಎಂದು ತನ್ನ ರೋಗಪಟ್ಟಿಯಲ್ಲಿ ಸೇರಿಸಿತು. ಇರಾಕ್ ಮತ್ತು ಅಫ್ಘಾನಿಸ್ತಾನದಿಂದ ಮರಳಿದ ಸೈನಿಕರ ಕಾಲದಲ್ಲಿ ಅದಕ್ಕೆಂದೇ ನಾಯಿಗಳನ್ನು ತರಬೇತುಗೊಳಿಸುವುದು ವ್ಯಾಪಕವಾಯಿತು. 2021ರಲ್ಲಿ ಅಮೆರಿಕವು ಮಾಡಿದ ಕಾಯಿದೆಯ ಪ್ರಕಾರ, ನೊಂದ ಮಾಜಿ ಸೈನಿಕರೇ ನಾಯಿಗಳಿಗೆ ತರಬೇತಿ ನೀಡುವುದನ್ನು ಚಿಕಿತ್ಸೆಯ ಅಂಗವಾಗಿಸುವ ಐದು ವರ್ಷಗಳ ಪ್ರಾಯೋಗಿಕ ಯೋಜನೆ ಆರಂಭವಾಯಿತು.

ಈ ಕೆಲಸಕ್ಕೆ ಶಾಂತ ಸ್ವಭಾವದ, ಸದ್ದಿಗೆ ಬೆದರದ ನಾಯಿಯೇ ಬೇಕು; ಲ್ಯಾಬ್ರಡಾರ್ ಮತ್ತು ಗೋಲ್ಡನ್ ರಿಟ್ರೀವರ್ ತಳಿಗಳು ಹೆಚ್ಚಾಗಿ ಬಳಕೆಯಲ್ಲಿವೆ. ಮರಿಯು ಸ್ವಯಂಸೇವಕರ ಮನೆಯಲ್ಲಿ ಸುಮಾರು ಒಂದು ವರ್ಷ ಬೆಳೆದು ಬಸ್ಸು, ಅಂಗಡಿ, ಜನಸಂದಣಿಗಳಿಗೆ ಒಗ್ಗಿಕೊಳ್ಳುತ್ತದೆ. ಆಮೇಲೆ ತಿಂಗಳುಗಟ್ಟಲೆ ತರಬೇತಿ. ದುಃಸ್ವಪ್ನದಲ್ಲಿ ಹೊರಳಾಡುವ ಒಡೆಯನನ್ನು ಎಬ್ಬಿಸುವುದು, ಭಯ ಏರಿದಾಗ ತೊಡೆಯ ಮೇಲೆ ಭಾರವಿಟ್ಟು ಮಲಗಿ ಅವನನ್ನು ಈ ಕ್ಷಣಕ್ಕೆ ಮರಳಿಸುವುದು, ಗುಂಪಿನಲ್ಲಿ ಅವನಿಗೂ ಪರರಿಗೂ ನಡುವೆ ನಿಂತು ಅಂತರ ಕಾಯುವುದು ಇದರ ಪಾಠಗಳು. ಪರ್ಡ್ಯೂ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಾಯಿಗಾಗಿ ಸರದಿಯಲ್ಲಿ ಕಾಯುತ್ತಿದ್ದವರಿಗಿಂತ ನಾಯಿ ಪಡೆದ ಮಾಜಿ ಸೈನಿಕರಲ್ಲಿ ರೋಗಲಕ್ಷಣಗಳು ಕಡಿಮೆಯಿದ್ದವು. ಆದರೆ ಕಾಯಿಲೆ ಪೂರ್ಣವಾಗಿ ಹೋಗಿರಲಿಲ್ಲ. ನಾಯಿ ವೈದ್ಯನ ಸ್ಥಾನವನ್ನು ತುಂಬದು. ಚಿಕಿತ್ಸೆಯ ಜೊತೆಗೆ ಅದೊಂದು ಆಸರೆ.

ಯೋಧನಿಗೂ ನಾಯಿಗೂ ಇರುವ ನಂಟು ಕನ್ನಡಿಗರಿಗೆ ಹೊಸದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವನ್ನು ಇಲ್ಲಿ ಸ್ಮರಿಸಬೇಕು. ಸುಮಾರು ಕ್ರಿ.ಶ. 949ರಲ್ಲಿ ನಡೆದ ತಕ್ಕೋಲದ ಕಾಳಗದಲ್ಲಿ ಪರಾಕ್ರಮ ಮೆರೆದ ಮಣಲೆರನಿಗೆ ಗಂಗರ ಅರಸ ಇಮ್ಮಡಿ ಬೂತುಗನು ಬೇಕಾದುದನ್ನು ಕೇಳೆಂದಾಗ, ಅವನು ಬೇಡಿದ್ದು 'ಕಾಳಿ' ಎಂಬ ನಾಯಿಯನ್ನು. ಮುಂದೆ ಅದು ಕಾಡುಹಂದಿಯೊಡನೆ ಹೋರಾಡಿ ಮಡಿಯಿತು, ಹಂದಿಯೂ ಸತ್ತಿತು. ಆ ನಾಯಿಯ ನೆನಪಿಗೆ ಮಣಲೆರನು ಕಲ್ಲು ನಿಲ್ಲಿಸಿ ಭೂಮಿಯನ್ನು ದತ್ತಿಯಾಗಿ ಬಿಟ್ಟನು. ಆ ವೀರನ ಅಂತರಂಗವನ್ನು ಶಾಸನ ಹೇಳುವುದಿಲ್ಲ; ಯುದ್ಧದಿಂದ ಬಂದವನು ಬಯಸಿದ್ದು ಒಂದು ಜೀವದ ಜೊತೆಯನ್ನು ಎಂಬುದನ್ನಷ್ಟೇ ಹೇಳುತ್ತದೆ. ಆ ಕಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಊರಿಗೆ ಹೋದಾಗ ಮಕ್ಕಳಿಗೆ ತೋರಿಸಿರಿ.

ಪಿಟಿಎಸ್‌ಡಿ ಸೈನಿಕರಿಗೆ ಮಾತ್ರ ಬರುವುದಲ್ಲ. ಅಪಘಾತ, ಹಿಂಸೆ, ಸಾವುನೋವುಗಳನ್ನು ಕಂಡವರನ್ನೂ, ಆಸ್ಪತ್ರೆಗಳಲ್ಲಿ ಹಗಲಿರುಳು ದುಡಿಯುವ ನಮ್ಮವರನ್ನೂ ಅದು ಕಾಡಬಹುದು. ಅಂಥವರಿಗೆ 'ಗಟ್ಟಿಯಾಗಿರು' ಎಂದು ಬುದ್ಧಿ ಹೇಳುವುದಕ್ಕಿಂತ ವೈದ್ಯರ ಬಳಿ ಜೊತೆಯಲ್ಲಿ ಹೋಗುವುದು ಲೇಸು. ಕವಚ ತೊಟ್ಟ ನಾಯಿಯನ್ನು ಬಸ್ಸಿನಲ್ಲೋ ಅಂಗಡಿಯಲ್ಲೋ ಕಂಡರೆ ಅದನ್ನು ಮುಟ್ಟದಿರಿ, ಕರೆಯದಿರಿ, ತಿನಿಸು ಕೊಡದಿರಿ, ಅದು ಕೆಲಸದಲ್ಲಿರುತ್ತದೆ. ಅದರ ಒಡೆಯನಿಗೆ ಮೇಲ್ನೋಟಕ್ಕೆ ಏನೂ ಆಗಿಲ್ಲವೆಂದು ಕಂಡರೂ, ಗ್ರೇಂಜ್‌ಗಾರ್ಮನ್ನಿನ ಆ 362 ಜನರನ್ನು ಒಮ್ಮೆ ನೆನೆಯಿರಿ.