ಧಾರವಾಡ ಸೀಮೆಯ ಹವ್ಯಾಸಿ ಛಾಯಾಗ್ರಹಣ: ಹೊಲ, ಹಕ್ಕಿ, ಹಳ್ಳಿ

ಹೊಟ್ಟೆಪಾಡಿಗಲ್ಲದೆ ಖುಷಿಗಾಗಿ ಹೊಲ, ದನಕರು, ಕೆರೆದಂಡೆ, ಬೇಲಿಯ ಮೇಲಿನ ಹಕ್ಕಿ, ಹಳ್ಳಿಯ ಜನರ ಚಿತ್ರ ತೆಗೆಯುವ ರೂಢಿ ಧಾರವಾಡ ಸೀಮೆಯಲ್ಲಿ ಹೇಗೆ ಬೆಳೆಯಿತು ಎಂದು ಹುಡುಕುವವರು ಮೂರು ದಿಕ್ಕಿಗೆ ಓಡಾಡಬೇಕು. ಒಂದು, ಮುಂಬೈ ಸರ್ಕಾರ ತೆಗೆಸಿದ ದೇವಾಲಯಗಳ ಚಿತ್ರಗಳು. ಎರಡು, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿರುವ ಮಿಷನ್ ಭಂಡಾರ. ಮೂರು, ಬೆಂಗಳೂರಿನ ಛಾಯಾಗ್ರಹಣ ಸಂಘಗಳ ಪ್ರದರ್ಶನ ಪಟ್ಟಿಗಳು. ಇವು ಯಾವುವೂ ಹೊಲಮನೆಯ ದಾಖಲೆಗೆಂದು ಹುಟ್ಟಿದವಲ್ಲ. ಹಳ್ಳಿಯ ಬದುಕು ಇವುಗಳಲ್ಲಿ ಇನ್ನೊಂದು ಕೆಲಸದ ಜೊತೆಗೆ ಬಂದು ಕೂತಿದೆ.

ಆಡಳಿತದ ಗಡಿಗಳು ಗೊಂದಲ ಹೆಚ್ಚಿಸಿವೆ. ಧಾರವಾಡ 1956ರವರೆಗೆ ಮುಂಬೈಗೆ ಸೇರಿದ್ದರಿಂದ, ಹಳೆಯ ಮೈಸೂರಿನಿಂದ ಶುರುವಾಗುವ ಕರ್ನಾಟಕದ ಛಾಯಾಗ್ರಹಣ ಚರಿತ್ರೆಯಲ್ಲಿ ಅದಕ್ಕೆ ಜಾಗ ಕಡಿಮೆ. ಗದಗ ಮತ್ತು ಹಾವೇರಿ ಬೇರೆ ಜಿಲ್ಲೆಗಳಾದದ್ದು 1997ರಲ್ಲಿ. ಅದಕ್ಕೂ ಹಿಂದಿನ ಪಟ್ಟಿಯಲ್ಲಿ ‘ಧಾರವಾಡ’ ಎಂದಿದ್ದರೆ ಅದು ಲಕ್ಕುಂಡಿಯೂ ಇರಬಹುದು, ಹಾವೇರಿಯೂ ಇರಬಹುದು. ಬೇಲೂರಿನ ಪಾಡು ಇನ್ನೂ ತಮಾಷೆಯದು: ಧಾರವಾಡದಿಂದ ಕಿತ್ತೂರಿನ ಕಡೆಗೆ ಹೋಗುವ ಹೆದ್ದಾರಿಯ ಬದಿಯ ಬೇಲೂರು ಇವತ್ತು ಕೈಗಾರಿಕಾ ಪ್ರದೇಶದಿಂದ ಹೆಸರಾಗಿದ್ದರೂ, ಹಳೆಯ ಚಿತ್ರಗಳ ಪಟ್ಟಿಯಲ್ಲಿ ಆ ಹೆಸರು ಹುಡುಕಿದವರಿಗೆ ಸಿಗುವುದು ಹಾಸನ ಜಿಲ್ಲೆಯ ಬೇಲೂರಿನ ಚೆನ್ನಕೇಶವನ ಗುಡಿ.

ಮೊದಲ ಕ್ಯಾಮೆರಾ ಯಾರ ಕೈಯಲ್ಲಿತ್ತು? 1866ರಲ್ಲಿ ಲಂಡನ್ನಿನ ಜಾನ್ ಮರ್ರೆ ಸಂಸ್ಥೆ ಹೊರತಂದ ‘ಆರ್ಕಿಟೆಕ್ಚರ್ ಇನ್ ಧಾರ್ವಾರ್ ಆ್ಯಂಡ್ ಮೈಸೂರ್’ ಗ್ರಂಥದ ಮೇಲೆ ಮೂವರು ಛಾಯಾಗ್ರಾಹಕರ ಹೆಸರಿದೆ: ಡಾ. ಪಿಗೂ, ಎ.ಸಿ.ಬಿ. ನೀಲ್, ಕರ್ನಲ್ ಬಿಗ್ಸ್. ಬರಹ ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ನರದು. ಬಿಗ್ಸ್ ಮುಂಬೈ ಫಿರಂಗಿದಳದ ಅಧಿಕಾರಿ. 1855ರಲ್ಲಿ ಸರ್ಕಾರದ ನೇಮಕದ ಮೇಲೆ ವಿಜಯಪುರ, ಬಾದಾಮಿ, ಐಹೊಳೆಗಳ ಚಿತ್ರ ತೆಗೆದು ಅದೇ ವರ್ಷ ಸೈನ್ಯಕ್ಕೆ ಮರಳಿದರು. ಅವರ ಜಾಗಕ್ಕೆ ಬಂದ ಪಿಗೂ ವೈದ್ಯರು, ಪುಸ್ತಕ ಹೊರಬರುವ ಮೊದಲೇ ತೀರಿಹೋಗಿದ್ದರು. ನೀಲ್ ಕೂಡ ಸೈನ್ಯದ ವೈದ್ಯರೇ. ಮುಖಪುಟದಲ್ಲಿ ಮೂವರನ್ನೂ ಒಟ್ಟಿಗೆ ಹೆಸರಿಸಿದ್ದರಿಂದ ಯಾವ ಚಿತ್ರ ಯಾರದು ಎಂಬ ತಕರಾರು ಉಳಿದುಕೊಂಡಿತು.

ಆ ಮುಖಪುಟದಲ್ಲಿ ಇಲ್ಲದ ನಾಲ್ಕನೆಯ ಹೆಸರು ಲಿನಿಯಸ್ ಟ್ರೈಪ್. 1854ರ ಡಿಸೆಂಬರಿನಲ್ಲಿ ನೀಲ್ ಜೊತೆಗೂಡಿ ಹಳೇಬೀಡು, ಹಾಸನದ ಬೇಲೂರು, ಶ್ರವಣಬೆಳಗೊಳ ಸುತ್ತಿದ ಈ ಸೈನ್ಯಾಧಿಕಾರಿ, ಮರುವರ್ಷ ಮದರಾಸಿನ ಪ್ರದರ್ಶನದಲ್ಲಿ 68 ಚಿತ್ರಗಳನ್ನಿಟ್ಟು ಪದಕ ಪಡೆದರು. ಹಂಪಿಯಲ್ಲಿ 1856ರಲ್ಲಿ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳ ಮೇಲೆ ದೊಡ್ಡ ಚಿತ್ರಗಳನ್ನು ತೆಗೆದ ಅಲೆಕ್ಸಾಂಡರ್ ಗ್ರೀನ್‌ಲಾ ಕೂಡ ಸಿಪಾಯಿ ಪಡೆಯವರೇ. (ಅವರು ನಿಂತ ಕೋನಗಳನ್ನೇ ಹುಡುಕಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ 1983ರಲ್ಲಿ ಮತ್ತೆ ಚಿತ್ರ ತೆಗೆದರು.) ಇವರನ್ನೆಲ್ಲ ಹವ್ಯಾಸಿಗಳೆನ್ನಬೇಕೋ ಬೇಡವೋ ಎಂಬ ಚರ್ಚೆಗೆ ಕೊನೆಯಿಲ್ಲ. ಕಸುಬು ಫಿರಂಗಿ ಅಥವಾ ಔಷಧ, ಕ್ಯಾಮೆರಾ ಸ್ವಂತ ಆಸಕ್ತಿಯಿಂದ ಕಲಿತದ್ದು, ಆದರೆ ಕೆಲವರಿಗೆ ಅದೇ ಆಸಕ್ತಿಗೆ ಸರ್ಕಾರಿ ಸಂಬಳವೂ ಬಂತು. ಹವ್ಯಾಸಿಗಳೆಂದೇ ಕರೆಯುವುದು ಹೆಚ್ಚು ಸರಿ ಎಂದು ತೋರುತ್ತದೆ.

ಆದರೆ ಅವರ ಚಿತ್ರಗಳಲ್ಲಿ ಹಳ್ಳಿ ಎಲ್ಲಿದೆ? ಕಾಗದದ ನೆಗೆಟಿವ್ ನಿಧಾನದ್ದು. ಬೆಳಕು ಸಾಕಷ್ಟು ಬೀಳಲು ನಿಮಿಷಗಟ್ಟಲೆ ಕಾಯಬೇಕು. ನಡೆಯುವ ಎತ್ತು, ಹಾರುವ ಹಕ್ಕಿ, ನೀರು ಹೊತ್ತು ಹೋಗುವ ಹೆಂಗಸು ಅದರ ಮೇಲೆ ಮೂಡುವುದಿಲ್ಲ; ಮೂಡಿದರೆ ಮಸುಕು ಗೆರೆಯಷ್ಟೇ. ಹೀಗಾಗಿ ಜನ ತುಂಬಿದ್ದ ಊರೂ ಆ ಕಾಲದ ಚಿತ್ರದಲ್ಲಿ ಬಿಕೋ ಎನ್ನುತ್ತದೆ. ಗುಡಿಯ ಎತ್ತರ ತಿಳಿಯಲೆಂದು ಕಂಬದ ಪಕ್ಕ ಅಲ್ಲಾಡದಂತೆ ನಿಲ್ಲಿಸಿದ ಮನುಷ್ಯ ಮಾತ್ರ ಉಳಿಯುತ್ತಾನೆ. ಆ ಕಾಲದ ಹಳ್ಳಿಗರು ಚಿತ್ರದೊಳಗೆ ಬಂದದ್ದು ಅನೇಕ ಸಲ ಅಳತೆಗೋಲಾಗಿ. ಅವರ ಧೋತರ, ರುಮಾಲು, ನಿಲುವು ಇವತ್ತಿನ ಸಂಶೋಧಕರಿಗೆ ಗುಡಿಯಷ್ಟೇ ಬೆಲೆಯವು. ತೆಗೆದವರಿಗೆ ಅವು ಲೆಕ್ಕಕ್ಕಿರಲಿಲ್ಲ.

ಬಾಸೆಲ್ ಮಿಷನ್ನಿನವರು ಮಂಗಳೂರಿಗೆ 1834ರಲ್ಲಿ, ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ ಬಂದರು. ಮುಂದೆ ಅವರಲ್ಲಿ ಕೆಲವರ ಕೈಗೆ ಕ್ಯಾಮೆರಾ ಬಂತು. 1880ರ ದಶಕದಲ್ಲಿ ಒಣಫಲಕ ಬಳಕೆಗೆ ಬಂದು ಬೆಳಕು ಹಿಡಿಯುವ ವೇಗ ಹೆಚ್ಚಿದ ಮೇಲೆ ಸಂತೆ, ನೇಯ್ಗೆ, ಶಾಲೆ, ಮನೆಯಂಗಳ ಚಿತ್ರಕ್ಕೆ ಸಿಗತೊಡಗಿದವು. ಈ ಚಿತ್ರಗಳ ಮೊದಲ ನೋಡುಗರು ಯುರೋಪಿನ ದಾನಿಗಳು. ಆದ್ದರಿಂದ ಆಯ್ಕೆಯಲ್ಲಿ ಒಂದು ಒಲವು ಇದ್ದೇ ಇದೆ. ಬಾಸೆಲ್ ಭಂಡಾರದ ಸಾವಿರಾರು ಚಿತ್ರಗಳು ಈಗ ಅಂತರಜಾಲದಲ್ಲಿ ನೋಡಸಿಗುತ್ತವೆ. ಅಲ್ಲಿ ಎಚ್ಚರ ಬೇಕಾದದ್ದು ತಾರೀಖಿನ ವಿಷಯದಲ್ಲಿ. ಬಹಳಷ್ಟು ಚಿತ್ರಗಳಿಗೆ ತೆಗೆದ ದಿನ ಗೊತ್ತಿಲ್ಲದೆ, ಇಂಥ ವರ್ಷದ ಜನವರಿ 1ರಿಂದ ಇಂಥ ವರ್ಷದ ಡಿಸೆಂಬರ್ 31ರೊಳಗೆ ಎಂಬ ಎರಡು ಅಂಚುಗಳನ್ನು ಕೊಟ್ಟಿರುತ್ತಾರೆ. ಮೊದಲ ತಾರೀಖನ್ನೇ ಚಿತ್ರದ ತಾರೀಖು ಎಂದು ಎತ್ತಿಕೊಂಡರೆ ಹತ್ತಿಪ್ಪತ್ತು ವರ್ಷ ಹಿಂದುಮುಂದಾಗುತ್ತದೆ.

ಅಗ್ಗದ ಕ್ಯಾಮೆರಾಗಳ ಕಥೆ ಎಲ್ಲ ಕಡೆ ಒಂದೇ. ಕೊಡಕ್ ಬ್ರೌನಿ 1900ರಲ್ಲಿ ಒಂದು ಡಾಲರಿಗೆ ಬಂತು. ಸ್ವಾತಂತ್ರ್ಯಾನಂತರ ಭಾರತದ ಮಧ್ಯಮವರ್ಗದ ಮನೆಗಳಿಗೆ ಆಗ್ಫಾ ಕ್ಲಿಕ್ 3 ಬಂತು. 120 ಫಿಲ್ಮಿನ ಒಂದು ಸುರುಳಿಗೆ 12 ಚೌಕ ಚಿತ್ರ. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ 1967ರಿಂದ ‘ಇಂದು’ ಫಿಲ್ಮು ತಯಾರಿಸಿತು. ಹನ್ನೆರಡೇ ಚಿತ್ರವಿದ್ದಾಗ ಯಾರೂ ಹೊಲದ ಟಿಟ್ಟಿಭಕ್ಕೆ ಒಂದನ್ನು ಖರ್ಚು ಮಾಡುತ್ತಿರಲಿಲ್ಲ. ಮದುವೆ, ಜಾತ್ರೆ, ಹೊಸ ಎತ್ತಿನ ಜೋಡಿ, ಅಷ್ಟರಲ್ಲಿ ರೀಲು ಮುಗಿಯುತ್ತಿತ್ತು.

ಸಂಘಗಳ ಯುಗ ಬೆಂಗಳೂರಿನದು. ಮೈಸೂರು ಫೋಟೊಗ್ರಾಫಿಕ್ ಸೊಸೈಟಿ 1932ರಲ್ಲಿ, ಯೂತ್ ಫೋಟೊಗ್ರಾಫಿಕ್ ಸೊಸೈಟಿ 1971ರಲ್ಲಿ ಹುಟ್ಟಿದವು. ಬೆಂಗಳೂರಿನ ವೈದ್ಯ ಡಾ. ಜಿ. ಥಾಮಸ್ ಮುಂದಾಳತ್ವದಲ್ಲಿ 1953ರಲ್ಲಿ ಭಾರತೀಯ ಛಾಯಾಗ್ರಹಣ ಒಕ್ಕೂಟ ರೂಪುಗೊಂಡಿತು. 1840ರಿಂದ 1980ರವರೆಗಿನ ಭಾರತದ ಛಾಯಾಗ್ರಹಣದ ಚರಿತ್ರೆ ಬರೆದವರೂ ಅವರೇ. ಒ.ಸಿ. ಎಡ್ವರ್ಡ್ಸ್, ಅವರ ಶಿಷ್ಯ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ನಿಸರ್ಗ ಚಿತ್ರಗಳಿಂದ ಹೆಸರಾದರು. ಉತ್ತರದಲ್ಲಿ ಸಂಡೂರಿನ ಎಂ.ವೈ. ಘೋರ್ಪಡೆ (1931–2011) ರಾಜ್ಯದ ಹಣಕಾಸು ಸಚಿವರಾಗಿದ್ದವರು, ಕಪ್ಪುಬಿಳುಪಿನ ವನ್ಯಜೀವಿ ಛಾಯಾಗ್ರಾಹಕರೂ ಹೌದು. ಅವರ ‘ಸನ್‌ಲೈಟ್ ಆ್ಯಂಡ್ ಶ್ಯಾಡೋಸ್’ 1983ರಲ್ಲಿ ಬಂತು. ಮೈಸೂರಿನ ಟಿ.ಎಸ್. ಸತ್ಯನ್ ನಿತ್ಯದ ಬದುಕನ್ನೇ ಹಿಡಿದರೂ ಅವರು ವೃತ್ತಿಪರ ಪತ್ರಿಕಾ ಛಾಯಾಗ್ರಾಹಕರು, ಹಾಗಾಗಿ ಇಲ್ಲಿ ಸೇರುವುದಿಲ್ಲ.

ಸಂಘಗಳು ಕಲಿಸಿದ್ದು ಬಹಳ. ಆದರೆ ಹಳ್ಳಿಯ ನಿಸರ್ಗದ ಮಟ್ಟಿಗೆ ಅವು ಒಂದು ಬಾಗಿಲು ಮುಚ್ಚಿದವು, ಅದರ ಬಗ್ಗೆ ಚರಿತ್ರೆಗಳು ಹೆಚ್ಚು ಮಾತಾಡುವುದಿಲ್ಲ. ಸ್ಪರ್ಧೆಗಳ ‘ನಿಸರ್ಗ’ ವಿಭಾಗದಲ್ಲಿ ಮನುಷ್ಯನ ಗುರುತು ಇರಕೂಡದು. ಅಂತರರಾಷ್ಟ್ರೀಯ ಸಂಸ್ಥೆಗಳು 2014ರಲ್ಲಿ ಒಟ್ಟಾಗಿ ಒಪ್ಪಿದ ವ್ಯಾಖ್ಯೆಯಂತೆ ಸಾಕುಪ್ರಾಣಿ, ಬೆಳೆಸಿದ ಗಿಡ, ಮನುಷ್ಯ ಮಾಡಿದ ಮಿಶ್ರತಳಿ ಯಾವುದಕ್ಕೂ ಅಲ್ಲಿ ಪ್ರವೇಶವಿಲ್ಲ. ಕಣಜದ ಗೂಬೆ, ಕೊಕ್ಕರೆಯಂತೆ ಮನುಷ್ಯರ ನೆರೆಗೆ ಹೊಂದಿಕೊಂಡ ಜೀವಿಗಳ ಕಥೆಗೆ ಮಾತ್ರ ಕೊಂಚ ವಿನಾಯಿತಿ. ಎಮ್ಮೆಯ ಬೆನ್ನೇರಿದ ಬೆಳ್ಳಕ್ಕಿ, ಹಿಂಗಾರಿ ಜೋಳದ ತೆನೆಗೆ ಮುತ್ತಿದ ಗಿಳಿಹಿಂಡು, ರಂಟೆ ಹೊಡೆಯುವವನ ಹಿಂದೆ ಹುಳ ಹೆಕ್ಕುವ ಗೊರವಂಕ: ಎರೆಭೂಮಿಯ ರೈತ ದಿನಾ ನೋಡುವ ನಿಸರ್ಗ ಇದು. ಸ್ಪರ್ಧೆಯ ಕಣ್ಣಿಗೆ ಇದು ನಿಸರ್ಗವಲ್ಲ. ಕಾರ ಹುಣ್ಣಿಮೆಯ ಎತ್ತು, ಎಳ್ಳ ಅಮಾವಾಸ್ಯೆಯ ಚರಗವಾದರೆ ‘ಕಲಾತ್ಮಕ’ ಅಥವಾ ‘ಪ್ರವಾಸ’ ವಿಭಾಗಕ್ಕೆ ಹೋಗಬೇಕು, ಅಲ್ಲಿ ಬೆಳಕು ಮತ್ತು ಧೂಳಿನ ಚೆಲುವಿಗೆ ಅಂಕ. ಧಾರವಾಡದ ಹವ್ಯಾಸಿಗೆ ದಾಂಡೇಲಿಯ ಕಾಡು ಹತ್ತಿರವೇ ಇದ್ದುದರಿಂದ ಮಂಗಟ್ಟೆಯ ಬೆನ್ನುಹತ್ತುವುದು ಸುಲಭ; ಹೊಲದ ಬದು ಚಿತ್ರವಿಲ್ಲದೆ ಉಳಿಯಿತು.

ಅಷ್ಟರಲ್ಲಿ ಹೊಲವೂ ಬದಲಾಯಿತು. ಹಂತಿ ಕಟ್ಟಿ ರಾಶಿ ಮಾಡುತ್ತಿದ್ದ ಕಣಗಳು ಒಕ್ಕಣೆ ಯಂತ್ರ ಬಂದ ಮೇಲೆ ಕಾಣೆಯಾದವು. ಎತ್ತಿನ ಕೂರಿಗೆ ಟ್ರ್ಯಾಕ್ಟರಿಗೆ ಜಾಗ ಬಿಟ್ಟಿತು. ಈ ಬದಲಾವಣೆಯನ್ನು ಊರು, ಇಸವಿ ಸಮೇತ ಹಿಡಿದ ಚಿತ್ರಗಳಿಗೆ ಈಗ ಬೇಡಿಕೆ.

ಸಂಘಗಳು ಮುಚ್ಚಿದ ಬಾಗಿಲನ್ನು ಮತ್ತೆ ತೆರೆದವರಲ್ಲಿ ಎರಡು ಬಗೆ. ಒಂದು ಬಗೆ ಲೇಖಕ ಪೂರ್ಣಚಂದ್ರ ತೇಜಸ್ವಿ (1938–2007) ಅವರದು. ಮೂಡಿಗೆರೆಯ ತೋಟದ ಸುತ್ತಲಿನ ಹಕ್ಕಿಗಳ ಚಿತ್ರ ತೆಗೆದು, ಅವುಗಳ ಬಗ್ಗೆ ಕನ್ನಡದಲ್ಲಿ ಬರೆದು, ಕ್ಯಾಮೆರಾ ಹಿಡಿದು ಕಾಯುವುದು ಬರೆಯುವವನಿಗೂ ರೈತನಿಗೂ ಒಗ್ಗುವ ಕೆಲಸ ಎಂದು ತೋರಿಸಿದರು. ಇನ್ನೊಂದು ಬಗೆ ಕೃಷಿ ಪತ್ರಿಕೋದ್ಯಮ. 1988ರಲ್ಲಿ ಪುತ್ತೂರಿನಲ್ಲಿ ಶುರುವಾದ ‘ಅಡಿಕೆ ಪತ್ರಿಕೆ’ ಕೃಷಿಕರೇ ಬರೆಯಬೇಕೆಂಬ ಹಟ ಹಿಡಿಯಿತು. ಧಾರವಾಡದ ಕೃಷಿ ಮಾಧ್ಯಮ ಕೇಂದ್ರ ಅದೇ ದಾರಿಯಲ್ಲಿ ಬರಹಗಾರರನ್ನು ತರಬೇತುಗೊಳಿಸಿತು. ಹೀಗೆ ಬರೆಯುವವರಿಗೆ ಚಿತ್ರ ಬಹುಮಾನಕ್ಕಲ್ಲ, ಬದುವಿನ ಇಂಗುಗುಂಡಿ ಹೇಗಿದೆ ಎಂದು ಓದುಗನಿಗೆ ಕಾಣಿಸಲಿಕ್ಕೆ. ಅಂಕವಿಲ್ಲದ ಈ ಚಿತ್ರಗಳೇ ಗ್ರಾಮೀಣ ಹವ್ಯಾಸಿ ಛಾಯಾಗ್ರಹಣದ ನಿಜವಾದ ತಿರುವು ಎಂದು ಎಣಿಸಲು ಕಾರಣವಿದೆ. ಡಿಜಿಟಲ್ ಕ್ಯಾಮೆರಾ ಅದನ್ನು ಹಬ್ಬಿಸಿತು, ಅಷ್ಟೇ.

ಬೇಲೂರು ಕೈಗಾರಿಕಾ ಪ್ರದೇಶ ಇಂಥ ಚಿತ್ರಗಳಿಗೆ ತಕ್ಕ ನೆಲ. ಪುಣೆ–ಬೆಂಗಳೂರು ಹೆದ್ದಾರಿಯ ಆಚೀಚೆ ಕಾರ್ಖಾನೆ, ನೆಲ-ಜಲ ನಿರ್ವಹಣೆಯ ತರಬೇತಿ ನೀಡುವ ವಾಲ್ಮಿ, ಹೈಕೋರ್ಟಿನ ಧಾರವಾಡ ಪೀಠ. ನಡುವೆ ಮುಮ್ಮಿಗಟ್ಟಿ, ಕೋಟೂರು ಕಡೆಯ ಹೊಲಗಳು. 2016ರಲ್ಲಿ ಐಐಟಿ ಧಾರವಾಡ ಶುರುವಾದದ್ದು ವಾಲ್ಮಿಯ ಆವರಣದಲ್ಲೇ. ಕಾಂಪೌಂಡಿನ ಪಕ್ಕ ಮೊಟ್ಟೆಯಿಡುವ ಟಿಟ್ಟಿಭ, ತಂತಿಯ ಮೇಲೆ ಕೂರುವ ನೀಲಕಂಠಗಳಿಗೆ ಇಂಥ ಅಂಚಿನ ನೆಲ ಒಗ್ಗುತ್ತದೆ.

2008ರಲ್ಲಿ ಬಂದ ಐನ್ಯಾಚುರಲಿಸ್ಟ್, ಹಕ್ಕಿಪಟ್ಟಿಗಳ ಇ-ಬರ್ಡ್‌ನಂಥ ತಾಣಗಳು ಇಂಥ ಚಿತ್ರಗಳಿಗೆ ಸ್ಥಳ, ದಿನಾಂಕದ ಬೆಲೆ ತಂದುಕೊಟ್ಟವು. ಆದರೂ ಐನ್ಯಾಚುರಲಿಸ್ಟ್‌ನಲ್ಲಿ ಬಿತ್ತಿದ ಜೋಳ, ಸಾಕಿದ ಎಮ್ಮೆಗೆ ಸಂಶೋಧನಾ ದರ್ಜೆ ಇಲ್ಲ; ತನ್ನಷ್ಟಕ್ಕೆ ಬೆಳೆದ ಕಳೆಗೆ ಇದೆ. ಇನ್ನು ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲು ರೀತಿ ಕಳಿಸಿದ ಚಿತ್ರ ತನ್ನೊಳಗಿನ ಸ್ಥಳ, ಸಮಯದ ಮಾಹಿತಿಯನ್ನು ಕಳೆದುಕೊಂಡೇ ತಲುಪುತ್ತದೆ.

ಹಕ್ಕುಸ್ವಾಮ್ಯದ ನಿಯಮವೂ ಬದಲಾಗಿದೆ. ಮೊದಲು ಛಾಯಾಚಿತ್ರಕ್ಕೆ ಪ್ರಕಟವಾದ ವರ್ಷದಿಂದ 60 ವರ್ಷ ರಕ್ಷಣೆಯಿತ್ತು. 2012ರ ತಿದ್ದುಪಡಿಯ ನಂತರ ತೆಗೆದವರ ಜೀವಮಾನ ಮತ್ತು ಆಮೇಲೆ 60 ವರ್ಷ. ಹೀಗಾಗಿ ಹಳೆಯ ಆಲ್ಬಮ್ಮಿನ ಚಿತ್ರವೊಂದನ್ನು ಪುಸ್ತಕಕ್ಕೆ ಸೇರಿಸುವವರು ಈಗ ಅದರಲ್ಲಿ ಯಾರಿದ್ದಾರೆ ಎಂಬುದರ ಜೊತೆಗೆ ಕ್ಯಾಮೆರಾ ಯಾರ ಕೈಯಲ್ಲಿತ್ತು ಎಂದೂ ಮನೆಯವರನ್ನು ಕೇಳಬೇಕಾಗುತ್ತದೆ.