ಕನ್ನಡಿ ಬಿಂಬ ಮೀಸಲು ಪ್ರತಿಯಲ್ಲ

1998ರಲ್ಲಿ ಅಮೆರಿಕದ ಪಿಕ್ಸಾರ್ ಸ್ಟುಡಿಯೋದಲ್ಲಿ ‘ಟಾಯ್ ಸ್ಟೋರಿ 2’ ಎಂಬ ಅನಿಮೇಷನ್ ಚಿತ್ರ ತಯಾರಾಗುತ್ತಿತ್ತು. ಒಂದು ದಿನ ಕಂಪ್ಯೂಟರ್ ಪರದೆಯಲ್ಲಿ ನಾಯಕ ವುಡಿಯ ಟೋಪಿ ಮಾಯವಾಯಿತು. ಅನಂತರ ಬೂಟು, ಕೊನೆಗೆ ವುಡಿಯೇ! ಯಾರೋ ಕೊಟ್ಟ ತಪ್ಪು ಆದೇಶವೊಂದು ಚಿತ್ರದ ಕಡತಗಳನ್ನು ಅಳಿಸುತ್ತಾ ಹೊರಟಿತ್ತು. ಯಂತ್ರದ ಪ್ಲಗ್ ಕೀಳುವಷ್ಟರಲ್ಲಿ ಬಹುಪಾಲು ಹೋಗಿತ್ತು. ಟೇಪ್‌ನಲ್ಲಿದ್ದ ಮೀಸಲು ಪ್ರತಿ ತೆಗೆದು ನೋಡಿದರೆ ಅದೂ ಅರೆಬರೆ. ನಕಲು ಸರಿಯಾಗಿ ಆಗುತ್ತಿದೆಯೇ ಎಂದು ಯಾರೂ ಪರೀಕ್ಷಿಸಿರಲಿಲ್ಲ.

ಚಿತ್ರವನ್ನು ಉಳಿಸಿದ್ದು ಗ್ಯಾಲಿನ್ ಸುಸ್ಮನ್ ಎಂಬ ತಂತ್ರಜ್ಞೆಯ ಮನೆಯ ಕಂಪ್ಯೂಟರ್. ಬಾಣಂತನದ ಕಾರಣ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಆಕೆಯ ಬಳಿ ಕೆಲವು ವಾರ ಹಳೆಯದಾದ ಪ್ರತಿಯೊಂದಿತ್ತು. ಆ ಯಂತ್ರಕ್ಕೆ ಕಂಬಳಿ ಸುತ್ತಿ, ಕಾರಿನಲ್ಲಿ ಮಗುವಿನಂತೆ ಜೋಪಾನವಾಗಿ ತಂದರು.

ಎರಡೆರಡು ಡಿಸ್ಕ್‌ಗಳಿದ್ದಿದ್ದರೆ ಈ ಫಜೀತಿ ತಪ್ಪುತ್ತಿತ್ತಲ್ಲ ಎಂದು ಕೇಳಬಹುದು. ಇಲ್ಲ. ಒಂದೇ ಮಾಹಿತಿಯನ್ನು ಏಕಕಾಲಕ್ಕೆ ಎರಡು ಡಿಸ್ಕ್‌ಗಳಲ್ಲಿ ಬರೆಯುವ ವಿಧಾನಕ್ಕೆ ‘ಮಿರರಿಂಗ್’ ಎನ್ನುತ್ತಾರೆ. 1976ರಲ್ಲಿ ಮಾರುಕಟ್ಟೆಗೆ ಬಂದ ಟ್ಯಾಂಡೆಮ್ ಕಂಪನಿಯ ಯಂತ್ರಗಳಲ್ಲಿ ಈ ಸೌಲಭ್ಯವಿತ್ತು. ಒಂದು ಡಿಸ್ಕ್ ಕೆಟ್ಟರೂ ಬ್ಯಾಂಕಿನ ವ್ಯವಹಾರ ನಿಲ್ಲಬಾರದು ಎಂಬುದು ಅದರ ಉದ್ದೇಶ. 1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್ ಅಗ್ಗದ ಡಿಸ್ಕ್‌ಗಳನ್ನು ಒಟ್ಟುಗೂಡಿಸುವ ‘ರೇಡ್’ ಪದ್ಧತಿಯನ್ನು ವಿವರಿಸಿದಾಗ ಮಿರರಿಂಗನ್ನು ಅದರ ಮೊದಲ ಹಂತವಾಗಿ ಗುರುತಿಸಿದರು. ಆದರೆ ಕನ್ನಡಿಗೆ ಸ್ವಂತ ಬುದ್ಧಿ ಇಲ್ಲ. ಇಲ್ಲಿ ಅಳಿಸಿದ್ದು ಆ ಕ್ಷಣವೇ ಅಲ್ಲಿಯೂ ಅಳಿಯುತ್ತದೆ. ವೈರಸ್ ಕೆಡಿಸಿದ್ದೂ ಅಷ್ಟೇ. ನಿನ್ನೆಯ ಸ್ಥಿತಿಗೆ ಮರಳಬೇಕಾದರೆ ನಿನ್ನೆ ತೆಗೆದಿಟ್ಟ ಪ್ರತಿಯೇ ಬೇಕು.

ಅದನ್ನು ಎಲ್ಲಿಡಬೇಕೆಂಬುದು ಮುಂದಿನ ಪ್ರಶ್ನೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಕೇಂದ್ರದ ಕಟ್ಟಡವೊಂದು ಸುಟ್ಟುಹೋಯಿತು. ಮೂಲವೂ ಮೀಸಲು ಪ್ರತಿಯೂ ಅಲ್ಲೇ ಇದ್ದ ಗ್ರಾಹಕರು ಎರಡನ್ನೂ ಕಳೆದುಕೊಂಡರು. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ಕ್ಕೆ ಸಾವಿರ ಓಲೆಪ್ರತಿಗಳನ್ನು ಮಾಡಿಸಿ ಹಂಚಿದ್ದನ್ನು ನಾವು ದಾನವೆಂದು ಕೊಂಡಾಡುತ್ತೇವೆ. ಊರೂರಿಗೆ ಚದುರಿದ ಓಲೆಗಳಿಗೆ ಒಂದೇ ಬೆಂಕಿ ತಗುಲದು ಎಂಬುದನ್ನೂ ಗಮನಿಸಬೇಕು.

ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ: ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ ಈ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಎಷ್ಟು ಹೊತ್ತಿಗೊಮ್ಮೆ ಪ್ರತಿ ತೆಗೆಯಬೇಕೆಂಬುದು ಎಷ್ಟು ಹೊತ್ತಿನ ಕೆಲಸ ಕಳೆದುಕೊಳ್ಳಲು ಸಿದ್ಧರಿದ್ದೇವೆ ಎಂಬುದರ ಮೇಲೆ ನಿಂತಿದೆ. ಅಂಗಡಿಯ ಲೆಕ್ಕಕ್ಕೆ ರಾತ್ರಿಗೊಮ್ಮೆ ಸಾಕಾದೀತು, ಬ್ಯಾಂಕಿಗೆ ಸಾಲದು.

2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ಸಿಬ್ಬಂದಿಯೊಬ್ಬರು ಸುಮಾರು 300 ಗಿಗಾಬೈಟ್ ಮಾಹಿತಿಯನ್ನು ಕೈತಪ್ಪಿ ಅಳಿಸಿದರು. ಸಂಸ್ಥೆ ಮಾಡಿಕೊಂಡಿದ್ದ ಐದು ಏರ್ಪಾಡುಗಳಲ್ಲಿ ಒಂದೂ ಸರಿಯಾಗಿ ಕೈಹಿಡಿಯಲಿಲ್ಲ. ಬೇರೇನೋ ಕೆಲಸಕ್ಕೆಂದು 6 ಗಂಟೆ ಮೊದಲು ತೆಗೆದಿದ್ದ ಪ್ರತಿಯೊಂದರಿಂದ ಉಳಿದದ್ದನ್ನು ಮರಳಿ ಪಡೆದರು. ಆ 6 ಗಂಟೆಗಳ ಮಾಹಿತಿ ಮಾತ್ರ ಹೋದದ್ದು ಹೋಯಿತು.