ಮಗುಚದ ಕಾಂಪೋಸ್ಟ್

ಮಗುಚದ ಕಾಂಪೋಸ್ಟ್ ಎಂಬುದು ಕೈತೋಟದ ತರಗೆಲೆ, ಹುಲ್ಲು ಹಾಗೂ ಅಡುಗೆಮನೆಯ ಹಸಿಕಸವನ್ನು ಒಂದೆಡೆ ಕೂಡಿಹಾಕಿ, ರಾಶಿಯನ್ನು ತಿರುವಿಹಾಕದೆ ತಾನಾಗಿಯೇ ಕೊಳೆಯಲು ಬಿಟ್ಟು ಗೊಬ್ಬರ ಪಡೆಯುವ ವಿಧಾನ. ರಾಶಿಯಲ್ಲಿ ಹೆಚ್ಚಿನ ಶಾಖ ಉಂಟಾಗದ ಕಾರಣ ಇದನ್ನು ತಂಪು ಕಾಂಪೋಸ್ಟ್ ಎಂದೂ ಕರೆಯಬಹುದು. ಗೊಬ್ಬರ ಸಿದ್ಧವಾಗಲು ಸಾಮಾನ್ಯವಾಗಿ ಆರು ತಿಂಗಳಿನಿಂದ ಒಂದು ವರ್ಷ ಹಿಡಿಯುತ್ತದೆ. ಮೈಮುರಿಯುವ ಕೆಲಸವಿಲ್ಲದ ಕಾರಣ ವಯಸ್ಸಾದವರಿಗೂ ಬಿಡುವಿಲ್ಲದವರಿಗೂ ಇದು ಅನುಕೂಲಕರ.

ಹಿನ್ನೆಲೆ

ಕರ್ನಾಟಕದ ಹಳ್ಳಿಗಳ ತಿಪ್ಪೆಯನ್ನು ಈ ವಿಧಾನದ ಹಳೆಯ ರೂಪವೆನ್ನಬಹುದು. ಕೊಟ್ಟಿಗೆಯ ಸಗಣಿ, ಜಾನುವಾರು ತಿಂದುಳಿಸಿದ ಮೇವು, ಒಲೆಯ ಬೂದಿ, ಗುಡಿಸಿದ ಕಸ ಎಲ್ಲವೂ ದಿನದಿನವೂ ತಿಪ್ಪೆಗೆ ಸೇರುತ್ತಿದ್ದವು. ಮುಂಗಾರಿಗೆ ಮುನ್ನ ಗಾಡಿಗಳಲ್ಲಿ ಹೊಲಕ್ಕೆ ಸಾಗಿಸುವವರೆಗೆ ಅದನ್ನು ಸಾಮಾನ್ಯವಾಗಿ ಯಾರೂ ಕೆದಕುತ್ತಿರಲಿಲ್ಲ. ತಿಪ್ಪಣ್ಣ, ತಿಪ್ಪಮ್ಮ ಎಂಬ ಹೆಸರುಗಳಲ್ಲಿಯೂ ಆ ಪದ ಉಳಿದುಕೊಂಡಿದೆ. ಮಲೆನಾಡಿನಲ್ಲಿ ತರಗೆಲೆ ಹಾಗೂ ಸೊಪ್ಪನ್ನು ಕೊಟ್ಟಿಗೆಗೆ ಹಾಸಿ, ಅನಂತರ ಗೊಬ್ಬರಗುಂಡಿಗೆ ಸೇರಿಸಿ ಅಡಿಕೆ ತೋಟಕ್ಕೆ ಬಳಸುವ ಪದ್ಧತಿ ಈಗಲೂ ಇದೆ.

20ನೆಯ ಶತಮಾನದ ಪೂರ್ವಾರ್ಧದಲ್ಲಿ ಭಾರತದಲ್ಲಿ ಎರಡು ಪ್ರಸಿದ್ಧ ಕಾಂಪೋಸ್ಟ್ ಪದ್ಧತಿಗಳು ರೂಪುಗೊಂಡವು. ಆಲ್ಬರ್ಟ್ ಹೋವರ್ಡ್ ಇಂದೋರಿನಲ್ಲಿ ರೂಪಿಸಿ, ಯಶವಂತ ವಾಡ್ ಅವರೊಡನೆ 1931ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದ ಇಂದೋರ್ ಪದ್ಧತಿಯಲ್ಲಿ ರಾಶಿಯನ್ನು ಹಲವು ಸಲ ಮಗುಚಬೇಕು. ಗೊಬ್ಬರ ಸುಮಾರು ಮೂರು ತಿಂಗಳಲ್ಲಿ ದೊರೆಯುತ್ತದೆ. 1939ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ಎನ್. ಆಚಾರ್ಯ ಅವರು ರೂಪಿಸಿದ ಬೆಂಗಳೂರು ಪದ್ಧತಿಯಲ್ಲಿ ಮಗುಚುವ ಕೆಲಸವೇ ಇಲ್ಲ. ಊರಿನ ಕಸ ಮತ್ತು ಮಲವನ್ನು ಕಂದಕದಲ್ಲಿ ಪದರ ಪದರವಾಗಿ ತುಂಬಿ, ಮೇಲೆ ಮಣ್ಣು ಮೆತ್ತಿ, ಆರರಿಂದ ಎಂಟು ತಿಂಗಳು ಹಾಗೆಯೇ ಬಿಡಲಾಗುತ್ತಿತ್ತು. ಮುಚ್ಚಿದ ರಾಶಿಯಾದ್ದರಿಂದ ತೇವ ಬೇಗ ಆರುವುದಿಲ್ಲ, ಸಾರಜನಕದ ನಷ್ಟವೂ ಕಡಿಮೆ. ಕಾಂಪೋಸ್ಟ್ ಮಾಡುವವರು ವಾರಕ್ಕೊಮ್ಮೆಯಾದರೂ ಸಲಿಕೆ ಹಿಡಿಯಲೇಬೇಕೆಂದು ನಂಬಿ ಅದರ ಗೊಡವೆಗೇ ಹೋಗದವರು ನಗರಗಳಲ್ಲಿ ಬಹಳ ಮಂದಿ. ಬೆಂಗಳೂರಿನ ಹೆಸರನ್ನೇ ಹೊತ್ತ ಪದ್ಧತಿಯಲ್ಲಿ ಆ ಕೆಲಸವಿಲ್ಲವೆಂಬುದು ಹೆಚ್ಚು ಪ್ರಚಾರ ಪಡೆಯಬೇಕಾದ ಸಂಗತಿ. ಮನೆಯ ರಾಶಿಯಲ್ಲಿ ಮಾತ್ರ ಮಲವನ್ನು ಬಳಸತಕ್ಕದ್ದಲ್ಲ.

ಕೊಳೆಯುವ ಕ್ರಿಯೆ

ಮಗುಚುವುದರ ಮುಖ್ಯ ಉದ್ದೇಶ ರಾಶಿಯೊಳಕ್ಕೆ ಗಾಳಿಯನ್ನು ಸೇರಿಸುವುದು. ಆಮ್ಲಜನಕ ಯಥೇಚ್ಛವಾಗಿ ದೊರೆತಾಗ ಬ್ಯಾಕ್ಟೀರಿಯಾಗಳು ವೇಗವಾಗಿ ವೃದ್ಧಿಸಿ, ದೊಡ್ಡ ರಾಶಿಯ ಉಷ್ಣತೆ 55ರಿಂದ 65 ಡಿಗ್ರಿ ಸೆಲ್ಸಿಯಸ್ ತಲಪುತ್ತದೆ. ಮಗುಚದ ಸಣ್ಣ ರಾಶಿ ಅಷ್ಟು ಕಾಯುವುದಿಲ್ಲ. ಅಲ್ಲಿ ಬ್ಯಾಕ್ಟೀರಿಯಾಗಳ ಜೊತೆಗೆ ಶಿಲೀಂಧ್ರಗಳು, ಎರೆಹುಳುಗಳು ಮತ್ತು ಸಹಸ್ರಪದಿಗಳು ನಿಧಾನವಾಗಿ ಅದೇ ಕೆಲಸವನ್ನು ಮಾಡುತ್ತವೆ. ಮಗುಚದಿದ್ದರೆ ಕೈತಪ್ಪುವುದು ವೇಗ ಮತ್ತು ಶಾಖ ಇವೆರಡೇ. ಶಾಖವಿಲ್ಲದಿರುವುದರಿಂದ ಕಳೆಬೀಜಗಳೂ ಸಸ್ಯರೋಗಾಣುಗಳೂ ಸಾಯದೆ ಉಳಿಯುತ್ತವೆ. ಆದುದರಿಂದ ಇಲ್ಲಿ ಶ್ರಮಕ್ಕಿಂತ ಆಯ್ಕೆಯೇ ಮುಖ್ಯವಾಗುತ್ತದೆ.

ರಾಶಿ ಹಾಕುವ ಕ್ರಮ

ನೀರು ನಿಲ್ಲದ, ಅರೆನೆರಳಿನ ಒಂದು ಮೂಲೆ ಸಾಕು. ಎರೆಹುಳುಗಳು ಕೆಳಗಿನಿಂದ ಬರಬೇಕಾದ್ದರಿಂದ ಸಿಮೆಂಟಿನ ನೆಲಕ್ಕಿಂತ ಮಣ್ಣಿನ ನೆಲ ಉತ್ತಮ. ಸುಮಾರು ಒಂದು ಮೀಟರ್ ಉದ್ದಗಲದ ಜಾಗಕ್ಕೆ ತಂತಿಬಲೆ ಸುತ್ತಿ ಅಥವಾ ಸಂದು ಬಿಟ್ಟು ಇಟ್ಟಿಗೆ ಜೋಡಿಸಿ, ತಳದಲ್ಲಿ ಒಣಕಡ್ಡಿಗಳನ್ನು ಹರಡಬೇಕು. ಮಗುಚದ ರಾಶಿಗೆ ಗಾಳಿ ದೊರೆಯುವುದು ಈ ಕಡ್ಡಿಗಳ ನಡುವಿನಿಂದಲೇ. ಒಂದು ಬುಟ್ಟಿ ಅಡುಗೆಮನೆಯ ಕಸಕ್ಕೆ ಎರಡು ಮೂರು ಬುಟ್ಟಿ ತರಗೆಲೆ ಹಾಕಿ, ಹಸಿಕಸ ಕಾಣದಂತೆ ಮುಚ್ಚಬೇಕು. ಇಂಗಾಲ ಮತ್ತು ಸಾರಜನಕದ ಪ್ರಮಾಣ ಸುಮಾರು 30ಕ್ಕೆ 1 ಇರುವುದು ಒಳ್ಳೆಯದೆಂದು ಹೇಳಲಾಗುತ್ತದೆ. ಮನೆಯಲ್ಲಿ ಅದನ್ನು ಲೆಕ್ಕಹಾಕುವ ಅಗತ್ಯವಿಲ್ಲ, ಮೂಗೇ ಸಾಕು. ದುರ್ನಾತ ಬಂದರೆ ಹಸಿ ಅಥವಾ ನೀರು ಹೆಚ್ಚಾಗಿದೆಯೆಂದು ತಿಳಿದು ಇನ್ನಷ್ಟು ತರಗೆಲೆ ಸೇರಿಸಬೇಕು. ಇರುವೆಗಳು ಗೂಡು ಕಟ್ಟಿದರೆ ರಾಶಿ ಒಣಗಿದೆಯೆಂದು ಅರ್ಥ. ಹಿಂಡಿದ ಬಟ್ಟೆಯಷ್ಟು ತೇವ ಇರಬೇಕು.

ಮಳೆಮರದ ಪುಟ್ಟ ಎಲೆಗಳು ಬೇಗ ಕೊಳೆಯುತ್ತವೆ. ಮಾವು, ಹಲಸು, ತೇಗದ ದಪ್ಪ ಎಲೆಗಳು ತಡಮಾಡುತ್ತವೆ. ಒಣಗಿದಾಗ ತುಳಿದು ಪುಡಿಮಾಡಿದರೆ ಅನುಕೂಲ. ಕರಾವಳಿ ಮತ್ತು ಮಲೆನಾಡಿನಲ್ಲಿ ಮಳೆಗಾಲದಲ್ಲಿ ಸಾರ ತೊಳೆದುಹೋಗದಂತೆ ರಾಶಿಯನ್ನು ಮುಚ್ಚಬೇಕು. ಒಂದು ತುಂಬಿದ ಮೇಲೆ ಅದನ್ನು ಮಾಗಲು ಬಿಟ್ಟು ಇನ್ನೊಂದನ್ನು ಆರಂಭಿಸುವುದು ರೂಢಿ.

ಎಚ್ಚರಿಕೆಗಳು

ಹೂಬಿಟ್ಟ ಪಾರ್ಥೇನಿಯಂ, ಗರಿಕೆಯ ಬೇರು, ಜೇಕಿನ ಗಡ್ಡೆ, ಸೊರಗುರೋಗ ತಗುಲಿದ ಟೊಮೆಟೊ ಮತ್ತು ಬದನೆ ಗಿಡಗಳನ್ನು ಈ ರಾಶಿಗೆ ಹಾಕಬಾರದು. ಮೀನು, ಮಾಂಸ, ಎಣ್ಣೆಯ ಪದಾರ್ಥಗಳು ಇಲಿ ಮತ್ತು ನಾಯಿಗಳನ್ನು ಕರೆಯುತ್ತವೆ. ನಾಯಿ, ಬೆಕ್ಕುಗಳ ಮಲವೂ ವರ್ಜ್ಯ. ತೆಂಗಿನ ಚಿಪ್ಪು ಒಂದು ವರ್ಷದಲ್ಲಿ ಕೊಳೆಯದು. ಅಂಗಾತ ಬಿದ್ದರೆ ನೀರು ನಿಂತು ಸೊಳ್ಳೆಗಳ ತಾಣವಾಗುತ್ತದೆ.

ತೆಂಗು ಬೆಳೆಯುವ ಊರುಗಳಲ್ಲಿ ಇನ್ನೊಂದು ಅಪಾಯವಿದೆ. ತೆಂಗಿನ ಸುಳಿಯನ್ನು ಕೊರೆಯುವ ರೈನೋಸರಸ್ ದುಂಬಿ (ಕುರುವಾಯಿ ಕೀಟ) ಮೊಟ್ಟೆಯಿಡುವುದು ಕೊಳೆಯುವ ಗೊಬ್ಬರದ ರಾಶಿಗಳಲ್ಲಿ. ಇದರ ಬಿಳಿಯ, ಬಾಗಿದ, ದಪ್ಪ ಮರಿಹುಳುಗಳು ರಾಶಿಯಲ್ಲಿ ತಿಂಗಳುಗಟ್ಟಲೆ ಬೆಳೆಯುತ್ತವೆ. ಆದ್ದರಿಂದ ಹಿತ್ತಿಲಲ್ಲಿ ತೆಂಗಿನ ಮರಗಳಿದ್ದರೆ ಎರಡು ಮೂರು ತಿಂಗಳಿಗೊಮ್ಮೆ ರಾಶಿಯನ್ನು ಕೆದಕಿ ಹುಳುಗಳನ್ನು ಹೆಕ್ಕಿ ನಾಶಪಡಿಸುವುದು ಅನಿವಾರ್ಯ. ಅಲ್ಲಿ ಮಗುಚದ ಕಾಂಪೋಸ್ಟ್ ಎಂಬ ಹೆಸರು ಪೂರ್ಣವಾಗಿ ಅನ್ವಯಿಸುವುದಿಲ್ಲ. ಹಾವುಗಳು ಅಡಗಿರುವ ಸಂಭವವಿರುವುದರಿಂದ ಬರಿಗೈ ಹಾಕಬಾರದು.

ಬಳಕೆ

ಮಾಗಿದ ಗೊಬ್ಬರ ಕಪ್ಪಾಗಿ, ಹುಡಿಯಾಗಿ, ಮೊದಲ ಮಳೆ ಬಿದ್ದ ಮಣ್ಣಿನ ವಾಸನೆಯನ್ನು ಹೊಂದಿರುತ್ತದೆ. ಅದನ್ನು ರಾಶಿಯ ತಳದಿಂದ ತೆಗೆದು ಜರಡಿ ಹಿಡಿದು, ಉಳಿದ ಕಡ್ಡಿಗಳನ್ನು ಹೊಸ ರಾಶಿಗೆ ಸೇರಿಸಬಹುದು. ಅರೆಬೆಂದ ಗೊಬ್ಬರವನ್ನು ಮಣ್ಣಿಗೆ ಬೆರೆಸಿದರೆ ಅದು ಕೊಳೆಯುವಾಗ ಮಣ್ಣಿನ ಸಾರಜನಕವನ್ನೇ ಹೀರಿಕೊಳ್ಳುತ್ತದೆ; ಗಿಡದ ಬುಡದಲ್ಲಿ ಹೊದಿಕೆಯಾಗಿ ಹರಡಿದರೆ ಆ ತೊಂದರೆ ಕಡಿಮೆ. ಬೀಜಗಳು ಉಳಿದಿರುವ ಕಾರಣ ಸಸಿಮಡಿಗೆ ಇದು ಸೂಕ್ತವಲ್ಲ. ಕುಂಡಗಳಲ್ಲಿ ಟೊಮೆಟೊ, ಕುಂಬಳ ತಾವಾಗಿಯೇ ಮೊಳೆಯುವುದು ಸಾಮಾನ್ಯ.

ತರಗೆಲೆಯ ಸುಡುವಿಕೆ

ತೆರೆದ ಜಾಗದಲ್ಲಿ ಕಸ ಸುಡುವುದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲಿ ದೇಶದಾದ್ಯಂತ ನಿಷೇಧಿಸಿ, ಸಾಮಾನ್ಯ ಪ್ರಕರಣಕ್ಕೆ 5,000 ರೂಪಾಯಿ ಹಾಗೂ ದೊಡ್ಡ ಪ್ರಮಾಣದ ಸುಡುವಿಕೆಗೆ 25,000 ರೂಪಾಯಿ ದಂಡವನ್ನು ನಿಗದಿಪಡಿಸಿತು. ಆದರೂ ಬೇಸಿಗೆಯಲ್ಲಿ ಗುಡಿಸಿದ ಎಲೆಗೆ ಬೆಂಕಿಯಿಡುವ ಅಭ್ಯಾಸ ನಿಂತಿಲ್ಲ. ರಾಶಿಗೆ ಸ್ಥಳವಿಲ್ಲದವರು ತರಗೆಲೆಯನ್ನಷ್ಟೇ ಗೋಣಿಚೀಲದಲ್ಲಿ ತುಂಬಿ, ನೀರು ಚಿಮುಕಿಸಿ, ಬಾಯಿ ಕಟ್ಟಿ ನೆರಳಿನಲ್ಲಿಟ್ಟರೆ ಸುಮಾರು ಒಂದು ವರ್ಷದಲ್ಲಿ ಎಲೆಗೊಬ್ಬರ ದೊರೆಯುತ್ತದೆ. ಅದರಲ್ಲಿ ಪೋಷಕಾಂಶ ಕಡಿಮೆ. ನೀರನ್ನು ಹಿಡಿದಿಡುವ ಗುಣ ಹೆಚ್ಚು.